ರಂಗಣ್ಣನ ಕುಲುಮೆಗೆ ಹೋದ ನಾಯಿ

ಒಣಮೀನು ಸುಡುವ ವಾಸನೆ ಬಂದರೆ ಈಗಲೂ ನನಗೆ ಸಿದ್ದರಬೆಟ್ಟದ ಕೆಳಗಿನ ನಮ್ಮೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತಾತ ಸಾಕಿದ್ದ ನಾಯಿಯ ಕಿವಿಗಳು ಮುತ್ತುಗದ ಎಲೆಯಷ್ಟು ಅಗಲವಾಗಿದ್ದವು. ತಲೆ ತಗ್ಗಿಸಿದರೆ ನೆಲ ಮುಟ್ಟುತ್ತಿದ್ದವು. ಮೈಮೇಲೆ ಕಪ್ಪು, ಕಂದು, ಬಿಳಿ ಮೂರೂ ಬಣ್ಣ. ಕತ್ತಿನ ಚರ್ಮ ಹಿಡಿದರೆ ಮುಷ್ಟಿ ತುಂಬುತ್ತಿತ್ತು.

"ಬಿಳಿ ದೊರೆಗಳು ಬೇಟೆಗೆ ಅಂತ ಹಡಗಲ್ಲಿ ತಂದ ತಳಿ ಕಣಮ್ಮ. ವಾಸ್ನೆ ಹಿಡಿದ್ರೆ ಬುಡಾಕಿಲ್ಲ," ಎನ್ನುತ್ತಿದ್ದ ತಾತ.

ಆ ದಿನ ತಾತನ ಟಗರು ಕಾಣೆಯಾಯಿತು. ತುಂಡಾದ ಹಗ್ಗವನ್ನು ತಾತ ನಾಯಿಗೆ ಮೂಸಿಸಿದ. ಅದು ಊರ ಗಂಡಸರನ್ನೆಲ್ಲ ಹಿಂದೆ ಕಟ್ಟಿಕೊಂಡು ನೇರವಾಗಿ ಕಮ್ಮಾರ ರಂಗಣ್ಣನ ಕುಲುಮೆಗೆ ಹೋಗಿ ನಿಂತಿತು.

"ನಾ ಮುಟ್ಟಿಲ್ಲ ಯಜಮಾನ್ರೇ," ಎಂದು ರಂಗಣ್ಣ ಹೇಳುವಷ್ಟರಲ್ಲಿ ದೊಣ್ಣೆಯೊಂದು ಅವನ ಬಾಯಿಗೆ ಬಿತ್ತು. ಹಲ್ಲು ಉದುರಿ ರಕ್ತ ಅಂಗಿಗೆ ಇಳಿಯಿತು. ಯಾರೋ ಅವನ ಸುತ್ತಿಗೆಯಿಂದಲೇ ಅವನ ಬಲಗೈ ಜಜ್ಜಿದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ರಂಗಣ್ಣ ದಿನಾ ಆ ನಾಯಿಗೆ ಕುಲುಮೆಯ ಕೆಂಡದಲ್ಲಿ ಒಣಮೀನು ಸುಟ್ಟು ಹಾಕುತ್ತಿದ್ದುದು ನನಗೆ ಗೊತ್ತಿತ್ತು. "ತಾತ, ಅದು ಮೀನಿಗೆ ಬಂದೈತೆ," ಎಂದೆ. "ಸುಮ್ಕಿರು," ಎಂದು ತಾತ ಕೆನ್ನೆಗೆ ಹೊಡೆದ. ನೆಲಕ್ಕೆ ಬಿದ್ದ ರಂಗಣ್ಣನ ಮುಖವನ್ನು ನಾಯಿ ಬಾಲ ಆಡಿಸುತ್ತಾ ನೆಕ್ಕುತ್ತಿತ್ತು.

ಮಾರನೆಯ ದಿನ ಆ ನಾಯಿಯೇ ತಾತನನ್ನೂ ನನ್ನನ್ನೂ ಬೆಟ್ಟದ ಬಂಡೆಯ ಸಂದಿಗೆ ಕರೆದೊಯ್ಯಿತು. ಚಿರತೆ ತಿಂದುಳಿಸಿದ ಟಗರಿನ ತಲೆ ಅಲ್ಲಿತ್ತು. ಕೊರಳಲ್ಲಿ ಹಗ್ಗದ ತುಂಡು ಹಾಗೇ ಇತ್ತು. ತಾತ ಬರಿಗೈಯಲ್ಲೇ ಮಣ್ಣು ತೋಡಿ ಅದನ್ನು ಹೂತ. ಆಮೇಲೆ ನನ್ನ ಕೆನ್ನೆ ಸವರಿ ಮೆಲ್ಲಗೆ ಹೇಳಿದ: "ಊರಲ್ಲಿ ಯಾರ್ಗೂ ಹೇಳ್ಬೇಡ ಕಣಮ್ಮ."