ಸೂಲಗಿತ್ತಿಯ ಸ್ಕೂಟರಿಗೆ ಲಾರಿ ಹಾರ್ನ್

ಡೀಸೆಲ್ ಜೊತೆ ಊದುಬತ್ತಿ ಬೆರೆತ ವಾಸನೆ ಬಂದರೆ ಸೂಲಗಿತ್ತಿ ನೀಲವ್ವನಿಗೆ ಅಪ್ಪನ ಲಾರಿಯೇ ಕಣ್ಣಿಗೆ ಕಟ್ಟುತ್ತಿತ್ತು. ಖಾಜಾಸಾಬನ ಗ್ಯಾರೇಜಿನಲ್ಲೂ ಅದೇ ವಾಸನೆ.

ಸದ್ದು ಮೆಲ್ಲಗಾದಷ್ಟೂ ತಡವಾಗಿ ತಲುಪುವ ಕಾಲ ಬಂದು ವರ್ಷಗಳಾಗಿದ್ದವು. ಮುಂಜಾನೆ ಪಿಸುಗುಟ್ಟಿದ್ದು ಮಧ್ಯಾಹ್ನ ಕೇಳಿಸುತ್ತಿದ್ದುದರಿಂದ ಗದಗಿನ ಜನವೆಲ್ಲ ಕೂಗಿಯೇ ಮಾತಾಡುತ್ತಿದ್ದರು. ನೀಲವ್ವನ ಸ್ಕೂಟರಿನ ಸಣ್ಣ ಪೀಂ ಪೀಂ ಮಾತ್ರ ಅವಳು ದಾಟಿಹೋದ ಮೇಲೆಯೇ ಕಿವಿಗೆ ಬೀಳುತ್ತಿತ್ತು. ನಿನ್ನೆ ಸಂತೆಯಲ್ಲಿ ಯಾರೂ ದಾರಿ ಬಿಟ್ಟಿರಲಿಲ್ಲ. ಅವಳು ಹೆರಿಗೆಯ ಮನೆ ತಲುಪುವಷ್ಟರಲ್ಲಿ ಕೂಸಿನ ಉಸಿರು ನಿಂತಿತ್ತು.

"ಲಾರಿ ಹಾರ್ನ್ ಹಾಕೋ ತಮ್ಮಾ!" ಎಂದು ಕೂಗಿದಳು.

"ಅಕ್ಕಾರ, ಒತ್ತಿದ್ರ ನೀವ ಹಾರಿ ಗಟಾರಕ್ಕ ಬೀಳ್ತೀರಿ!" ಖಾಜಾಸಾಬನೂ ಕೂಗಿ ನಕ್ಕ.

"ಬಿದ್ರ ಎದ್ದ ಹೊಕ್ಕೀನಿ. ಬೆಟಗೇರಿಯಾಗ ಒಬ್ಬಾಕಿಗೆ ಬ್ಯಾನಿ ಶುರುವಾಗೇತಿ. ಲಗೂನ ಹಾಕು!"

ಅವನು ನಗು ನಿಲ್ಲಿಸಿ ಸೀಟಿನ ಕೆಳಗೆ ಗಾಳಿಯ ಡಬ್ಬಿ ಕೂರಿಸಿದ, ಮುಂದೆ ಎರಡು ತುತ್ತೂರಿ ಬಿಗಿದ. ನೀಲವ್ವ ಒತ್ತಿದಳು. ಮರುಕ್ಷಣವೇ ಬಜಾರಿನ ಜನ, ಎತ್ತು, ತಳ್ಳುಗಾಡಿ ಎಲ್ಲವೂ ಎರಡು ಬದಿಗೆ ಸರಿದು ನಿಂತವು.

ಹೊರಡುವಾಗ ಖಾಜಾಸಾಬನ ಹೆಂಡತಿ ಮಹಬೂಬಿ ಓಡಿಬಂದು ಅವಳ ಕೈಗೆ ಬುತ್ತಿಗಂಟು ಇಟ್ಟಳು. ಮಹಬೂಬಿಯ ತುಟಿ ಮೆಲ್ಲಗೆ ಅಲುಗಿತು. ಆ ಮಾತು ಕೇಳಿಸುವುದಕ್ಕೆ ಇನ್ನೂ ಹೊತ್ತಿತ್ತು. ಬುತ್ತಿಯ ಬಿಸುಪು ಮಾತ್ರ ಆಗಲೇ ಕೈಗೆ ತಲುಪಿತ್ತು.