ಬಳುವಳಿ

ಸಾಕಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ನಿಂತಳು. ನೀಲಿ ನರಗಳು ಎರೆಹುಳುಗಳ ಹಾಗೆ ಉಬ್ಬಿ ಹೆಣೆದುಕೊಂಡಿದ್ದವು. ಕಾಲಿನ ಹರಡಿನ ಹತ್ತಿರ ವರ್ಷವಾದರೂ ಮಾಯದ ಹುಣ್ಣು.

“ಏನು ಕೆಲಸ?” ಡಾಕ್ಟರು ಕೇಳಿದರು.

“ಇಸ್ತ್ರಿ ಗಾಡಿ. ದಿನವಿಡೀ ನಿಂತೇ ಇರ್ಬೇಕು.”

“ನಿಮ್ಮ ತಾಯಿಗೂ ಹೀಗೇ ಇತ್ತಾ?”

“ಇತ್ತು. ಅವ್ಳೂ ಅದೇ ಗಾಡಿ ಹತ್ರ ನಿಂತೋಳು.”

“ನರದೊಳಗಿನ ಕವಾಟ ಕೆಟ್ಟಿದೆ, ರಕ್ತ ಮೇಲಕ್ಕೆ ಹತ್ತುತ್ತಿಲ್ಲ. ಲೇಸರ್ ಮಾಡಿದ್ರೂ ನಿಲ್ಲೋ ಕೆಲಸ ಬಿಡದಿದ್ರೆ ಮತ್ತೆ ಬರುತ್ತೆ. ಇದು ವಂಶದಲ್ಲೇ ಬರೋ ಕಾಯಿಲೆ. ಮಗಳಿದ್ದಾಳಾ?”

“ಒಬ್ಳಿದ್ದಾಳೆ. ಅವಳ ಕಾಲಲ್ಲೂ ಈಗೀಗ ನೀಲಿ ಗೆರೆ ಕಾಣ್ತಿದೆ.”

“ಹಾಗಾದ್ರೆ ಅವಳನ್ನ ಜಾಸ್ತಿ ಹೊತ್ತು ನಿಲ್ಲೋಕೆ ಬಿಡ್ಬೇಡಿ. ಇವತ್ತೇ ಕರ್ಕೊಂಡು ಬನ್ನಿ, ನೋಡ್ತೀನಿ.”

ಸಾಕಮ್ಮ ಸೀರೆ ಇಳಿಬಿಟ್ಟಳು.

“ಇವತ್ತಾಗಲ್ಲ ಡಾಕ್ಟ್ರೇ. ನಾನು ಇಲ್ಲಿಗೆ ಬಂದಿದ್ದೀನಲ್ಲ, ಗಾಡಿ ಹತ್ರ ಅವಳೇ ನಿಂತಿದ್ದಾಳೆ.”