ಮಂಚ ಯಾವ ಮರದ್ದು?

ಮೇಷ್ಟ್ರು ದಸರಾ ಉಪನ್ಯಾಸಕ್ಕೆಂದು ಗ್ರೀಕ್ ಮಹಾಕಾವ್ಯಗಳ ದಾಂಪತ್ಯದ ಬಗ್ಗೆ ಬರೆದದ್ದನ್ನು ಹೆಂಡತಿಗೆ ಓದಿ ಹೇಳುತ್ತಿದ್ದರು.

"ಒಬ್ಬ ರಾಣಿ ಗಂಡನನ್ನು ಬಿಟ್ಟು ಅತಿಥಿಯ ಜೊತೆ ಹಡಗು ಹತ್ತಿದಳು. ಇನ್ನೊಬ್ಬಳು ಯುದ್ಧಕ್ಕೆ ಹೋದ ಗಂಡನಿಗಾಗಿ ಇಪ್ಪತ್ತು ವರ್ಷ ಕಾದಳು. ಅವನು ಮರಳಿದಾಗ ನಂಬದೆ, ತಾವು ಮಲಗುತ್ತಿದ್ದ ಮಂಚದ ಗುಟ್ಟು ಕೆದಕಿ ಪರೀಕ್ಷಿಸಿದಳು."

"ಅವನು ಸರಿಯಾಗಿ ಹೇಳಿದ್ನಾ?" ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಕೇಳಿದಳು.

"ಹೇಳದೆ ಏನು? ನಿಜವಾದ ಗಂಡ ತನ್ನ ಮಂಚ ಮರೀತಾನಾ?"

"ಹಾಗಾದ್ರೆ ನಮ್ಮ ಮಂಚ ಯಾವ ಮರದ್ದು, ಹೇಳಿ ನೋಡೋಣ."

"ತೇಗದ್ದು. ನಿಮ್ಮಪ್ಪ ಮದುವೇಲಿ ಕೊಟ್ಟಿದ್ದು." ಮೇಷ್ಟ್ರು ಗೆದ್ದವರಂತೆ ಕನ್ನಡಕ ತೆಗೆದಿಟ್ಟರು.

ಹೆಂಡತಿ ಸೊಪ್ಪಿನಿಂದ ತಲೆಯೆತ್ತಲಿಲ್ಲ.

"ಅದು ಯುಗಾದಿಗೇ ನನ್ನ ತಂಗಿ ಮನೆಗೆ ಹೋಯ್ತು ಕಣ್ರೀ. ಅವತ್ತಿಂದ ನೀವು ಮಲಗ್ತಿರೋದು ಚಾಪೆ ಮೇಲೆ."